ಚಕ್ರವರ್ತಿಯ ಮುಂದೆ ಕೆಮ್ಮಿದವರು

1726, ಸೆಪ್ಟೆಂಬರ್ 9

ನನ್ನ ಗಂಡ ಮಹಾ ಸಂಗೀತಗಾರರು ಎಂಬುದು ಇವತ್ತಿನವರೆಗೆ ದೇವರಿಗೂ ನನಗೂ ಮಾತ್ರ ಗೊತ್ತಿತ್ತು. ಇನ್ನು ಚಕ್ರವರ್ತಿಗೂ ಗೊತ್ತಾಗುತ್ತದೆ! ವಿಯೆನ್ನಾದ ಚಕ್ರವರ್ತಿಗೆ! ಬರೆಯುವ ಆತುರಕ್ಕೆ ಶಾಯಿ ಚೆಲ್ಲಿದೆ. ಹೊದಿಕೆಯ ಮೇಲೂ ಬಿದ್ದಿದೆ. ಅತ್ತೆ ನೋಡುವ ಮೊದಲು ಅದನ್ನು ಮಗುಚಿ ಹಾಕಬೇಕು.

ವೆನಿಸ್‌ನಲ್ಲಿ ಚಕ್ರವರ್ತಿಗೊಬ್ಬ ರಾಯಭಾರಿ ಇದ್ದಾನೆ. ಅವನ ಕಾರ್ಯದರ್ಶಿ ಪ್ರುಕ್ನರ್ ಬೆಳಿಗ್ಗೆ ಏದುಸಿರು ಬಿಡುತ್ತ ನಮ್ಮ ಮೆಟ್ಟಿಲು ಹತ್ತಿ ಬಂದ. ನವೆಂಬರ್ ನಾಲ್ಕು ಚಕ್ರವರ್ತಿಯ ಹೆಸರಿನ ಸಂತನ ಹಬ್ಬವಂತೆ. ಅಂದು ರಾಯಭಾರಿಯ ಮನೆಯಲ್ಲಿ ಒಂದು ಹಾಡುನಾಟಕ ಆಗಬೇಕು, ಅದಕ್ಕೆ ನನ್ನ ಮೊಮೊಲೊ ಸಂಗೀತ ಬರೆಯಬೇಕು. ಚೆನ್ನಾಗಿ ಬಂದರೆ ಸ್ವರಪುಸ್ತಕ ವಿಯೆನ್ನಾಕ್ಕೆ ಹೋಗುತ್ತದೆ. ಚಕ್ರವರ್ತಿ ಮೆಚ್ಚಿದರೆ ಆಸ್ಥಾನದ ಮೇಳದಲ್ಲಿ ಹುದ್ದೆ!

"ಅಲ್ಲಿ ನಿನಗೆ ತುಪ್ಪಳದ ಕೋಟು ಹೊಲಿಸ್ತೀನಿ," ಅಂದರು ಮೊಮೊಲೊ, ಪ್ರುಕ್ನರ್ ಬೀದಿ ಮುಟ್ಟುವ ಮೊದಲೇ.

"ಮೊದಲು ನಿನ್ನ ಕಾಲುಚೀಲ ಹೊಲಿಸ್ಕೊ. ಹೆಬ್ಬೆರಳು ಹೊರಗೆ ಬಂದು ಆ ಜರ್ಮನಿಯವನಿಗೆ ನಮಸ್ಕಾರ ಹೇಳ್ತಿತ್ತು," ಅಂದರು ಅತ್ತೆ. ಮೀನು ಮಾರಿ ಬಾಳಿದವರು ಅತ್ತೆ; ಸಿಯೋರಾ ಬೆತ್ತಾ ಅಂದರೆ ರಿಯಾಲ್ತೊ ಮೀನುಪೇಟೆಯಲ್ಲಿ ಇವತ್ತಿಗೂ ಕೆಲವರು ಟೋಪಿ ತೆಗೆಯುತ್ತಾರೆ, ಕೆಲವರು ಅಡಗಿಕೊಳ್ಳುತ್ತಾರೆ.

ಅತ್ತೆಗೆ ನಾನೊಂದು ದಂಡದ ಹೆಣ್ಣು. ತಪ್ಪೇನಿಲ್ಲ. ನಾನು ಬೆಳೆದದ್ದು ಅನಾಥಾಲಯದ ಸಂಗೀತಶಾಲೆಯಲ್ಲಿ. ಅಲ್ಲಿ ನಮಗೆ ಊಟ, ಪಾಠ, ಬೈಗುಳ ಎಲ್ಲ ಲ್ಯಾಟಿನ್‌ನಲ್ಲೇ. "ಲ್ಯಾಟಿನ್ನಲ್ಲಿ ಮೀನಿನ ಹೊಟ್ಟೆ ಸೀಳೋಕಾಗಲ್ಲ ಕಣಮ್ಮ," ಅನ್ನುತ್ತಾರೆ ಅತ್ತೆ. ಭಾನುವಾರ ಭಾನುವಾರ ನಾವು ಹುಡುಗಿಯರು ಇಗರ್ಜಿಯ ಅಟ್ಟದಲ್ಲಿ, ಜಾಲರಿಯ ಹಿಂದೆ ನಿಂತು ಹಾಡುತ್ತಿದ್ದೆವು. ಊರಿಗೆ ಊರೇ ಕೇಳಲು ಬರುತ್ತಿತ್ತು, ಆದರೆ ನಮ್ಮ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಮೊಮೊಲೊ ಪ್ರೀತಿಸಿದ್ದು ನನ್ನ ದನಿಯನ್ನು. ಮೊದಲ ಸಲ ಮುಖ ನೋಡಿದಾಗ, "ಅಯ್ಯೋ, ನೀವು ಇಷ್ಟೇ ಎತ್ತರವಾ?" ಅಂದಿದ್ದರು. ನಾನು ಆ ಗಳಿಗೆಯಲ್ಲೇ ಮನಸೋತೆ!

ಮದುವೆಯಾಗಿ ಹೋಗುವ ಹುಡುಗಿ ಒಂದು ಕರಾರಿಗೆ ರುಜು ಹಾಕಬೇಕು. ವೆನಿಸ್ ರಾಜ್ಯದಲ್ಲಿ ಇನ್ನೆಂದೂ ನಾಲ್ಕು ಜನರ ಮುಂದೆ ಹಾಡುವುದಿಲ್ಲ, ಹಾಡಿದರೆ ಶಾಲೆ ಮದುವೆಗೆ ಕೊಟ್ಟದ್ದನ್ನೆಲ್ಲ ವಾಪಸು ಕಿತ್ತುಕೊಳ್ಳಬಹುದು. ನಾನು ನಗುನಗುತ್ತ ರುಜು ಹಾಕಿದೆ. ಹಾಡಿ ಹಾಡಿ ಸಾಕಾಗಿತ್ತು. ಇನ್ನು ಅವರು ಹಾಡು ಕಟ್ಟುವುದು, ನಾನು ಪಕ್ಕದಲ್ಲಿ ಕೂತು ನೋಡುವುದು. ಇದಕ್ಕಿಂತ ಸುಖವುಂಟೆ?

ಸೆಪ್ಟೆಂಬರ್ 21

ಹಾಡುನಾಟಕದ ಕಥೆ: ಸ್ಥಿರತೆ ಎಂಬ ದೇವಿಗೂ ಕೀರ್ತಿ ಎಂಬ ದೇವಿಗೂ ಜಗಳ, ಚಕ್ರವರ್ತಿಯನ್ನು ಯಾರು ಹೆಚ್ಚು ಪ್ರೀತಿಸುತ್ತಾರೆ ಅಂತ. ಡ್ಯಾನ್ಯೂಬ್ ನದಿ ನಡುವೆ ಬಂದು, ನಾನು ಅಂತ ಹಾಡುತ್ತದೆ. ಕೊನೆಗೆ ಎಲ್ಲರೂ ಸೇರಿ ಅವನ ಖಡ್ಗವನ್ನು ಹೊಗಳುತ್ತಾರೆ. ಬರೆದವನು ಯಾರೋ ಪಾದ್ರಿ.

"ಒಬ್ಬ ಗಂಡಸನ್ನ ಇಷ್ಟೊಂದು ಜನ ಪ್ರೀತಿಸಿದ್ರೆ ಅವನ ಹೆಂಡ್ತಿ ಏನು ಮಾಡ್ತಾಳೆ?" ಅತ್ತೆಯ ಪ್ರಶ್ನೆ.

ಬರೆದದ್ದು ಹೇಗೆ ಕೇಳುತ್ತದೆ ಅಂತ ನೋಡಲು ಅವರು ನನ್ನಿಂದ ಹಾಡಿಸುತ್ತಾರೆ. ಅಡುಗೆಮನೆ ರಾಜ್ಯವಲ್ಲ, ಅತ್ತೆ ನಾಲ್ಕು ಜನವಲ್ಲ. ಆದ್ದರಿಂದ ಕರಾರಿಗೆ ಭಂಗವಿಲ್ಲ. ಇವತ್ತು ಸ್ಥಿರತೆಯ ದೊಡ್ಡ ಹಾಡು. ಏರುಸ್ವರ ಬಹಳ ಬೇಗ ಬಂದುಬಿಟ್ಟಿತು ಅನ್ನಿಸಿ, "ಇದನ್ನ ಸ್ವಲ್ಪ ತಡೆದು ಕೊಟ್ರೆ?" ಅಂದೆ. ಹಾಡಿ ತೋರಿಸಿದೆ.

ಅವರು ಕಣ್ಣು ಮುಚ್ಚಿ ಕೇಳಿದರು. "ನಾನೂ ಅದನ್ನೇ ಮಾಡ್ಬೇಕು ಅಂತಿದ್ದೆ."

ಇಬ್ಬರ ಮನಸ್ಸೂ ಒಂದೇ! ಇದಲ್ಲವೆ ದಾಂಪತ್ಯ!

ಅಕ್ಟೋಬರ್ 6

ಪ್ರುಕ್ನರ್ ಮತ್ತೆ ಬಂದಿದ್ದ. ಈರುಳ್ಳಿ, ಹುಳಿ ಹಾಕಿದ ಬಂಗಡೆಯ ಮರಿಗಳನ್ನು ಅತ್ತೆ ಬಡಿಸಿದರು. ಅವನು ಮೊದಲು ಮೂಸಿದ, ಆಮೇಲೆ ಪ್ರಾರ್ಥನೆ ಮಾಡಿದ, ಆಮೇಲೆ ಮೂರು ತಟ್ಟೆ ತಿಂದ.

"ನಮ್ಮ ಚಕ್ರವರ್ತಿಗಳಿಗೆ ಸಂಗೀತ ಗೊತ್ತು," ಅಂದ. "ತಾವೇ ಕೀಲಿಮಣೆ ಬಾರಿಸ್ತಾರೆ. ಸ್ವರಪುಸ್ತಕದಲ್ಲಿ ತಪ್ಪಿದ್ರೆ ಪೆನ್ಸಿಲಲ್ಲಿ ಗುರುತು ಹಾಕ್ತಾರೆ. ಒಂದು ದನಿ ಹೊರಟು, ಅದನ್ನೇ ಹಾಡ್ತಾ ಇನ್ನೊಂದು ಬೆನ್ನಟ್ಟಿ, ಮೂರನೇದು ಅದರ ಹಿಂದೆ ಓಡೋ ಥರದ್ದು ಅವರಿಗೆ ಪ್ರಾಣ."

"ನಮ್ಮ ಪೇಟೇಲಿ ಅದಕ್ಕೆ ಕಳ್ಳನ್ನ ಹಿಡಿಯೋದು ಅಂತಾರೆ," ಅಂದರು ಅತ್ತೆ.

ಮೊಮೊಲೊಗೆ ಈ ಬೆನ್ನಟ್ಟುವ ಬಗೆ ಅಷ್ಟು ಒಗ್ಗುವುದಿಲ್ಲ. ಅವರದು ದೋಣಿಯವರ ಹಾಡಿನಂಥ ಸುಲಭ, ಮಧುರ ದಾರಿ. ಶಾಲೆಯಲ್ಲಿ ನಮಗೆ ಗಂಜಿಯ ಜೊತೆ ಅದನ್ನೇ ಕುಡಿಸಿದ್ದರು. ಹಾಗಾಗಿ ಕೊನೆಯ ಮೇಳಗಾನದಲ್ಲಿ ಒಂದಿಷ್ಟು ಜಾಗ ನಾನು ತುಂಬಿಕೊಟ್ಟೆ. ಬರೀ ಲೆಕ್ಕದ ಕೆಲಸ, ಹೊಲಿಗೆ ಇದ್ದ ಹಾಗೆ. ಕಲ್ಪನೆ ಅವರದೇ.

ಅಕ್ಟೋಬರ್ 19

ಸ್ಥಿರತೆಯ ಪಾತ್ರಕ್ಕೆ ಫ್ರಿಂಗ್ವೆಲ್ಲೊ ಬಂದಿದ್ದಾನೆ. ಬಾಲ್ಯದ ಹೆಣ್ಣಿನಂಥ ಕಂಠ ಉಳಿಸಿಕೊಳ್ಳಲು ಗಂಡಸುತನವನ್ನೇ ಬಿಟ್ಟುಕೊಟ್ಟ ಗಾಯಕರಲ್ಲಿ ಅವನು ಬಹಳ ದೊಡ್ಡವನು. ಎತ್ತರದಲ್ಲೂ ಅಷ್ಟೆ, ನಮ್ಮ ಬಾಗಿಲಿಗೆ ಹಣೆ ಬಡಿದುಕೊಂಡ. ಇಂಥ ಗಾಯಕರು ಎಲ್ಲಿ ಹೋದರೂ ತಮಗೆ ಹೆಸರು ತಂದ ಒಂದು ಹಾಡನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗುತ್ತಾರೆ, ಯಾರ ನಾಟಕವಾದರೂ ಅದರೊಳಗೆ ತುರುಕುತ್ತಾರೆ. ಇವನದು ಹಡಗು ಮುಳುಗುವ ಹಾಡು.

"ಆದ್ರೆ ಸ್ಥಿರತೆ ಯಾಕೆ ಮುಳುಗ್ತಾಳೆ?" ಮೊಮೊಲೊ ಕೇಳಿದರು.

"ಮೇಷ್ಟ್ರೇ, ಬೊಲೊನ್ಯಾದಲ್ಲಿ ಸಂತ ಪೀಟರನೂ ಮುಳುಗಿದಾನೆ. ಜನ ಅತ್ತಿದಾರೆ."

ಹಡಗು ಮುಳುಗುತ್ತದೆ ಅಂತ ತೀರ್ಮಾನವಾಯಿತು.

ನವೆಂಬರ್ 4, ಸಂಜೆ ಹೊತ್ತು

ಸತ್ತೆವು.

ನವೆಂಬರ್ 5

ಇವತ್ತು ಬರೆಯಲು ಆಗುತ್ತಿದೆ.

ರಾಯಭಾರಿಯ ಸಭಾಂಗಣ ಭರ್ತಿಯಾಗಿತ್ತು. ದೊಡ್ಡ ಮನೆತನದವರು ಪರದೇಶದ ರಾಯಭಾರಿಯ ಹೊಸಿಲು ತುಳಿದರೆ ನಮ್ಮ ರಾಜ್ಯದ ಕಾನೂನು ಕತ್ತು ಹಿಡಿಯುತ್ತದೆ. ಹಾಗಾಗಿ ಬಂದವರೆಲ್ಲ ನಮ್ಮಂಥವರೇ: ವಿಗ್ ಮಾಡುವವರು, ಔಷಧಿ ಅಂಗಡಿಯವರು, ಪಾದ್ರಿಗಳು, ಭಾನುವಾರ ನಮ್ಮ ಶಾಲೆಯ ಹಾಡು ಕೇಳಲು ಬರುವ ಅದೇ ಮುಖಗಳು. ಎದುರಿಗೆ ಸಿಂಹಾಸನ, ಅದರ ಮೇಲೆ ಚಕ್ರವರ್ತಿಯ ಚಿತ್ರ. ಶುರುವಾಗುವ ಮೊದಲು ಪ್ರುಕ್ನರ್ ಎದ್ದು ನಿಂತು, ಚಿತ್ರವಿದ್ದ ಕಡೆ ಚಕ್ರವರ್ತಿಯೇ ಇದ್ದ ಹಾಗೆ, ಅವರು ಚಪ್ಪಾಳೆ ತಟ್ಟುವ ಮೊದಲು ಯಾರೂ ತಟ್ಟಬಾರದು ಅಂದ.

"ಚಿತ್ರ ಯಾವಾಗ ತಟ್ಟುತ್ತೆ?" ಅಂತ ಅತ್ತೆ ನನ್ನ ಕಿವಿಯಲ್ಲಿ ಕೇಳಿದರು.

ಚಪ್ಪಾಳೆ ಇಲ್ಲ ಅಂದರೆ ವೆನಿಸ್‌ನವರು ಏನು ಮಾಡುತ್ತಾರೆ? ಇಗರ್ಜಿಯಲ್ಲಿ ಮಾಡುವುದನ್ನೇ. ದೇವರ ಮನೆಯಲ್ಲಿ ತಟ್ಟುವ ಹಾಗಿಲ್ಲವಲ್ಲ, ಅದಕ್ಕೆ ಹಾಡು ಹಿಡಿಸಿದರೆ ನಾವು ಕೆಮ್ಮುತ್ತೇವೆ. ಬಹಳ ಹಿಡಿಸಿದರೆ ಮೂಗು ಸೀನುತ್ತೇವೆ. ಪ್ರಾಣ ಹೋಗುವಷ್ಟು ಹಿಡಿಸಿದರೆ ಕಾಲು ಉಜ್ಜುತ್ತೇವೆ. ಒಂದು ಈಸ್ಟರಿನಲ್ಲಿ ನನ್ನ ಹಾಡಿಗೆ ಇಡೀ ಇಗರ್ಜಿ ಕ್ಷಯ ಹಿಡಿದ ಹಾಗೆ ಕೆಮ್ಮಿತ್ತು. ಜಾಲರಿಯ ಹಿಂದೆ ನಾನು ಆನಂದದಿಂದ ಅತ್ತಿದ್ದೆ.

ಫ್ರಿಂಗ್ವೆಲ್ಲೊ ಸ್ಥಿರತೆಯ ದೊಡ್ಡ ಹಾಡು ಎತ್ತಿಕೊಂಡ. ಆ ಏರುಸ್ವರ, ತಡೆದು, ತಡೆದು, ಬಂತು. ನನ್ನ ಗಂಡನ ಸಂಗೀತ! ತಡೆಯಲಾರದೆ ನಾನು ಕೆಮ್ಮಿದೆ. ಎದೆ ತುಂಬಿ, ಜೋರಾಗಿ. ಪಕ್ಕದ ಔಷಧಿಯವನು ಕೆಮ್ಮಿದ. ಅವನ ಹಿಂದೆ ಪಾದ್ರಿಗಳು. ಅಷ್ಟೆ, ಕಟ್ಟೆ ಒಡೆಯಿತು! ನೂರು ಗಂಟಲು, ನೂರು ಮೂಗು, ಕಲ್ಲುಹಾಸಿನ ಮೇಲೆ ಕಾಲುಗಳ ಕರಕರ. ಮೊಮೊಲೊ ಕೀಲಿಮಣೆಯ ಮುಂದೆ ಕೂತು ಸ್ವರ್ಗ ಕಂಡವರಂತೆ ಬೆಳಗುತ್ತಿದ್ದರು.

ರಾಯಭಾರಿ ಎದ್ದು ನಿಂತ. ಮುಖ ಬೆಂದ ಏಡಿಯಂತೆ. "ಚಕ್ರವರ್ತಿಗಳ ಮುಖಕ್ಕೆ ಕ್ಯಾಕರಿಸ್ತೀರಾ?" ಎಂದು ಗುಡುಗಿ, ಚಿತ್ರಕ್ಕೆ ಬಟ್ಟೆ ಮುಚ್ಚಿಸಿ, ಅದನ್ನು ಹೊತ್ತುಕೊಂಡು ಹೊರಟೇಹೋದ. ಹಡಗು ಮುಳುಗುವುದು ಬಾಕಿಯೇ ಉಳಿಯಿತು. ಫ್ರಿಂಗ್ವೆಲ್ಲೊ ಇವತ್ತು ಬೆಳಿಗ್ಗೆ ಪೆಟ್ಟಿಗೆ ಎತ್ತಿಕೊಂಡು ಮಿಲಾನಿಗೆ ನಡೆದ.

ಮೊದಲು ಕೆಮ್ಮಿದ್ದು ನಾನು ಅಂತ ಮೊಮೊಲೊಗೆ ಗೊತ್ತು. ಗೋಡೆಯ ಕಡೆ ತಿರುಗಿ ಮಲಗಿದ್ದಾರೆ.

ನವೆಂಬರ್ 8

ಇನ್ನೂ ಗೋಡೆಯ ಕಡೆಗೇ.

"ವಿಯೆನ್ನಾ ಹೋಯ್ತು," ಅನ್ನುತ್ತಾನೆ. ಗಂಜಿ ಕೊಟ್ಟರೆ ಕುಡಿಯುತ್ತಾನೆ, ಕುಡಿದು ಮತ್ತೆ, "ವಿಯೆನ್ನಾ ಹೋಯ್ತು."

"ಎಲ್ಲಿಗೆ ಹೋಗುತ್ತೆ, ಇದ್ದಲ್ಲೇ ಇರುತ್ತೆ," ಅಂದರು ಅತ್ತೆ. "ಕಾಯಿಲೆ ಬಿದ್ದಿರೋದು ನಿನ್ನ ಮೂಗಿನ ತುದಿ ಮಾತ್ರ."

ಮಧ್ಯಾಹ್ನ ಅತ್ತೆಯನ್ನು ಕರೆದುಕೊಂಡು ರಾಯಭಾರಿಯ ಮನೆಗೆ ಹೋದೆ. ಕಾವಲಿನವನು ಬಿಡಲಿಲ್ಲ. ಅತ್ತೆ ಅವನ ಜೊತೆ ಮೀನುಪೇಟೆಯ ಭಾಷೆಯಲ್ಲಿ ಎರಡು ಮಾತಾಡಿದರು. ಬಿಟ್ಟ.

ಪ್ರುಕ್ನರ್ ನಾನು ಹೇಳಿದ್ದನ್ನೆಲ್ಲ ಕೇಳಿದ. "ಅಮ್ಮಾ, ಮೆಚ್ಚಿಕೊಂಡು ಸೀನ್ತಾರೆ ಅಂತ ನಾನು ವಿಯೆನ್ನಾಕ್ಕೆ ಬರೆದ್ರೆ ನನ್ನನ್ನ ಹುಚ್ಚಾಸ್ಪತ್ರೆಗೆ ಹಾಕ್ತಾರೆ."

"ಹಾಗಾದ್ರೆ ಬರೀಬೇಡಿ. ಭಾನುವಾರ ನಮ್ಮ ಶಾಲೆಯ ಇಗರ್ಜಿಗೆ ಬನ್ನಿ, ನಿಮ್ಮ ಒಡೆಯರನ್ನೂ ಕರ್ಕೊಂಡು ಬನ್ನಿ. ಕಿವಿಯಾರೆ ಕೇಳಿ."

ಇಷ್ಟು ಹೇಳುವ ಧೈರ್ಯ ಎಲ್ಲಿಂದ ಬಂತೋ! ಅತ್ತೆ ಪಕ್ಕದಲ್ಲಿದ್ದುದರಿಂದ ಇರಬೇಕು.

ನವೆಂಬರ್ 10, ಭಾನುವಾರ

ಬಂದರು! ಇಬ್ಬರೂ! ರಾಯಭಾರಿ ಮುಖವಾಡ ಹಾಕಿ ಬಂದಿದ್ದ. ಆದರೆ ಅಂಥ ಹೊಟ್ಟೆ ಊರಿಗೆ ಒಂದೇ ಇರುವುದು.

ಮೇಲಿನ ಅಟ್ಟದಲ್ಲಿ ನನ್ನ ಗೆಳತಿಯರು ಹಾಡಿದರು. ಮೊದಲ ಹಾಡಿಗೆ ಒಂದೆರಡು ಮರ್ಯಾದೆಯ ಕೆಮ್ಮು. ಎರಡನೆಯದಕ್ಕೆ ಮೂಗುಗಳು. ಮೂರನೆಯದಕ್ಕೆ ನಾನು ಹೇಳುವುದೇನು, ಬಿಷಪ್ ಕೂಡ ಎರಡೂ ಕಾಲು ಉಜ್ಜಿದರು. ರಾಯಭಾರಿ ಸುತ್ತ ಸುತ್ತ ನೋಡಿದ. ಮುಖವಾಡದ ಕೆಳಗೆ ಗಲ್ಲ ಅಲುಗಿತು. ಆಮೇಲೆ, ಸಣ್ಣಗೆ, ಅಭ್ಯಾಸವಿಲ್ಲದವನ ಹಾಗೆ, ಕೆಮ್ಮಿದ.

ಆಚೆ ಬಂದ ಮೇಲೆ ಪ್ರುಕ್ನರ್ ಹೇಳಿದ: "ಹತ್ತೊಂಬತ್ತಕ್ಕೆ ಮಹಾರಾಣಿಯವರ ಹೆಸರಿನ ಹಬ್ಬ. ಅವತ್ತು ಇನ್ನೊಂದು ಸಲ ಆಗಲಿ ಅಂತಿದಾರೆ ಒಡೆಯರು. ಆದ್ರೆ ಸ್ಥಿರತೆ ಮಿಲಾನಿಗೆ ಹೋದಳಲ್ಲ?"

ನವೆಂಬರ್ 12

ಹಾಡುವವರು ಸಿಗುತ್ತಿಲ್ಲ. ಎಲ್ಲರೂ ನಾಟಕಶಾಲೆಗಳಿಗೆ ಮೊದಲೇ ಒಪ್ಪಿಕೊಂಡಿದ್ದಾರೆ. ಮೊಮೊಲೊ ಹಾಸಿಗೆಯಿಂದ ಎದ್ದಿದ್ದಾನೆ, ಅದೇ ದೊಡ್ಡದು. "ಖಡ್ಗ" ಬಂದಲ್ಲೆಲ್ಲ "ಕರುಣೆ" ಅಂತ ತಿದ್ದುತ್ತಿದ್ದಾನೆ. ಈಗ ಡ್ಯಾನ್ಯೂಬ್ ನದಿ ಪ್ರೀತಿಸಬೇಕಾದದ್ದು ಮಹಾರಾಣಿಯನ್ನು.

ಅತ್ತೆ ಕಾಳು ಬಿಡಿಸುತ್ತ ಕೂತಿದ್ದವರು ತಲೆ ಎತ್ತದೆ ಕೇಳಿದರು: "ಕಳ್ಳ ಓಡಿ ಹೋಗಿ ರಾಯಭಾರಿ ಮನೆ ಹೊಕ್ರೆ ನಮ್ಮ ಪೊಲೀಸಿನೋರು ಏನು ಮಾಡ್ತಾರೆ?"

"ಬಾಗಿಲಲ್ಲಿ ನಿಂತು ಬೈತಾರೆ," ಅಂದ ಮೊಮೊಲೊ. "ಒಳಗೆ ಹೋಗೋ ಹಾಗಿಲ್ಲ. ಅದು ಚಕ್ರವರ್ತಿಯ ನೆಲ."

"ಅಂದ್ರೆ ವೆನಿಸ್ ಅಲ್ಲ."

"ಅಲ್ಲ."

"ಮತ್ತೆ ಈ ಹುಡುಗಿ ಯಾಕೆ ಸುಮ್ನೆ ಕೂತಿದಾಳೆ?"

ನಾವಿಬ್ಬರೂ ಅತ್ತೆಯ ಮುಖ ನೋಡಿದೆವು. "ಅನಾಥಾಲಯದೋರು ಒಪ್ಪದಿದ್ರೆ?" ಅಂದ ಮೊಮೊಲೊ. "ಕೊಟ್ಟಿದ್ದನ್ನೆಲ್ಲ ಕಿತ್ಕೊಂಡ್ರೆ?"

"ಕಿತ್ಕೊಳ್ಳಲಿ," ಅಂದೆ ನಾನು. ಯಾಕೆ ಹಾಗೆ ಅಂದೆನೋ. ಮೊಮೊಲೊನ ಹುದ್ದೆಯ ಪ್ರಶ್ನೆ ಅಲ್ಲವೆ?

ನವೆಂಬರ್ 19

ಹಾಡಿದೆ.

ಮೂಲೆಯಲ್ಲಿ ಒಂದು ಮರದ ತಡಿಕೆ ಇಟ್ಟಿದ್ದರು, ನನ್ನ ಹೆಸರು ಹೊರಬೀಳದಿರಲಿ ಅಂತ ಪ್ರುಕ್ನರ್‌ನ ಏರ್ಪಾಡು. ದೊಡ್ಡ ಹಾಡಿನ ನಡುವೆ ಉಸಿರು ಸಾಲದೆ ತಡಿಕೆಯನ್ನು ಸ್ವಲ್ಪ ಸರಿಸಿದೆ. ಆಮೇಲೆ ಇನ್ನೂ ಸ್ವಲ್ಪ. ಕೊನೆಯ ಸಾಲಿಗೆ ಬರುವಾಗ ಅದು ಗೋಡೆಗೆ ಒರಗಿತ್ತು, ನಾನು ಎಲ್ಲರ ಎದುರಿಗಿದ್ದೆ. ಜನರ ಮುಖ ನೋಡಿಕೊಂಡು ಹಾಡುವುದು ಎಂಥ ವಿಚಿತ್ರ! ಔಷಧಿಯವನಿಗೆ ಕಣ್ಣಲ್ಲಿ ನೀರು ಬರುತ್ತದೆ ಅಂತ ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಮುಗಿಸುವಾಗ ಬರೆದಿಲ್ಲದ್ದು ಏನೋ ಬಾಯಿಗೆ ಬಂತು, ಹಾಡಿಬಿಟ್ಟೆ. ಮೊಮೊಲೊ ಕೀಲಿಮಣೆಯ ಮೇಲೆ ಬೆರಳಿಟ್ಟು ಕಾಯುತ್ತಿದ್ದ, ನಾನು ಯಾವಾಗ ಇಳಿಯುತ್ತೇನೆ ಅಂತ.

ದೋಣಿಯಲ್ಲಿ ಮನೆಗೆ ಬರುವಾಗ, "ಕೊನೇದು ನಾನು ಬರೆದದ್ದಲ್ಲ," ಅಂದ.

"ಚೆನ್ನಾಗಿರಲಿಲ್ವಾ?"

"ಅದೇ ತೊಂದರೆ," ಅಂದ.

ಡಿಸೆಂಬರ್ 2

ಅನಾಥಾಲಯದ ಹಿರಿಯರು ಇಬ್ಬರು ಬಂದಿದ್ದರು. ರಾಯಭಾರಿಯ ಮನೆಯಲ್ಲಿ ಯಾರೋ ಹಾಡಿದರಂತೆ, ದನಿ ಗುರುತಿದ್ದ ಹಾಗಿತ್ತಂತೆ.

"ನೀವು ಹೋಗಿದ್ರಾ?" ಕೇಳಿದೆ.

ಒಬ್ಬರು ಇನ್ನೊಬ್ಬರನ್ನು ನೋಡಿದರು. ಇಬ್ಬರೂ ದೊಡ್ಡ ಮನೆತನದವರು. ಹೋಗಿದ್ದೆವು ಅಂದರೆ ಜೈಲು. ಅತ್ತೆಯ ಬಂಗಡೆ ತಿಂದು, ಮಳೆಯ ವಿಷಯ ಮಾತಾಡಿ, ಎದ್ದು ಹೋದರು.

ಜನವರಿ 16

ಪ್ರುಕ್ನರ್ ಹೊಸ ವಿಗ್ ಹಾಕಿಕೊಂಡು ಬಂದ. ವಿಯೆನ್ನಾದಿಂದ ಉತ್ತರ ಬಂದಿತ್ತು.

ಚಕ್ರವರ್ತಿ ಸ್ವರಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಬಾರಿಸಿ ನೋಡಿದನಂತೆ. ಐದು ಕಡೆ ಪೆನ್ಸಿಲ್ ಗುರುತು. ಎರಡು ಕಡೆ "ಬಹಳ ಚೆನ್ನ" ಎಂದು: ಸ್ಥಿರತೆಯ ಏರುಸ್ವರ, ಕೊನೆಯ ಮೇಳಗಾನ. "ನೋಡಿದ್ರಾ!" ಅಂದ ಮೊಮೊಲೊ, ಎದ್ದು ನಿಂತು. ನನಗೆ ಅವನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು.

ಪ್ರುಕ್ನರ್ ಕೆಳಗೆ ನೋಡಿದ. "ಹತ್ತೊಂಬತ್ತರ ಹಾಡಿನ ಬಗ್ಗೆ ಒಡೆಯರು ಬರೆದದ್ದು ಓದಿ, ಲೆಂಟ್ ಉಪವಾಸದ ಕಾಲಕ್ಕೆ ಅರಮನೆಯ ಮೇಳದಲ್ಲಿ ಹಾಡೋದಕ್ಕೆ ಕರೆದಿದಾರೆ. ಸ್ಥಿರತೆಯನ್ನ. ಗಂಡನಿಗೂ ಎರಡನೇ ಪಿಟೀಲುಗಳ ಸಾಲಲ್ಲಿ ಜಾಗ ಇದೆಯಂತೆ. ಸಿಯೋರ್ ಮೊಮೊಲೊ, ನಿಮ್ಮ ಹೆಂಡತಿಯನ್ನ ಕಳಿಸಿಕೊಡ್ತೀರಾ?"

ಒಲೆಯ ಮೇಲೆ ಮೆಕ್ಕೆಜೋಳದ ಪೊಲೆಂಟಾ ಗುಳುಗುಳು ಅನ್ನುತ್ತಿತ್ತು.

"ಬರ್ತೀವಿ," ಅಂದೆ. "ಆದ್ರೆ ಲೆಂಟ್‌ಗೆ ಒಂದು ಹಾಡುನಾಟಕ ಇವನೂ ಬರೀಬೇಕು. ಅದನ್ನ ಕಾಗದದಲ್ಲಿ ಹಾಕಿಸಿ. ಮತ್ತೆ ದಾರಿಗೆ ಮುಚ್ಚಿದ ಗಾಡಿ ಬೇಕು, ನನ್ನ ಗಂಟಲು ಕೆಟ್ರೆ ನಿಮಗೇ ನಷ್ಟ."

ಅವನು ಹೋದ ಮೇಲೆ, ಮೊಮೊಲೊನನ್ನು ಕೇಳಲೇ ಇಲ್ಲವಲ್ಲ ಅಂತ ನೆನಪಾಯಿತು.

ಜನವರಿ 18

"ಜನ ಏನಂತಾರೆ? ಹೆಂಡ್ತಿ ಹಿಂದೆ ಪಿಟೀಲು ಹೊತ್ಕೊಂಡು ಹೋದ ಅಂತಾರೆ," ಅಂತ ಎರಡು ದಿನದಿಂದ ಒಂದೇ ರಾಗ.

"ನಿಮ್ಮಪ್ಪ ನನ್ನ ಹಿಂದೆ ಬುಟ್ಟಿ ಹೊತ್ಕೊಂಡು ಬರ್ತಿದ್ದ," ಅಂದರು ಅತ್ತೆ. "ಬುಟ್ಟೀಲಿ ಮೀನಿತ್ತು. ಪಿಟೀಲಾದ್ರೆ ನಾರೋದೂ ಇಲ್ಲ."

"ನಿನಗೆ ಬೇಡ ಅಂದ್ರೆ ಹೇಳು," ಅಂದೆ ನಾನು. "ನಾನು ಹೋಗಿ ಬರ್ತೀನಿ. ಲೆಂಟ್ ಮುಗಿದ ಮೇಲೆ ವಾಪಸು ಬರ್ತೀನಿ."

ನಾನು ನಿಜ ಹೇಳುತ್ತಿದ್ದೇನೆ ಅಂತ ಅವನಿಗೆ ತಿಳಿದ ಗಳಿಗೆಯಲ್ಲೇ ನನಗೂ ತಿಳಿಯಿತು.

ಊಟಕ್ಕೆ ಕೂತಾಗ ಕೇಳಿದ: "ಚಕ್ರವರ್ತಿ ಕೀಲಿಮಣೆ ಬಾರಿಸೋವಾಗ ಎರಡನೇ ಪಿಟೀಲಿನೋರು ಎಷ್ಟು ಹತ್ತಿರ ಕೂರ್ತಾರಂತೆ?"

"ಮೊಣಕೈ ತಾಗೋಷ್ಟು," ಅಂದೆ. ನನಗೇನು ಗೊತ್ತು! ಆದರೆ ಪೊಲೆಂಟಾ ಎರಡನೇ ಸಲ ಹಾಕಿಸಿಕೊಂಡ.

ಫೆಬ್ರವರಿ 9, ಪೊಂತೆಬ್ಬಾ

ಇಲ್ಲಿಗೆ ನಮ್ಮ ರಾಜ್ಯ ಮುಗಿಯುತ್ತದೆ. ಒಂದು ಸೇತುವೆ, ಈಚೆ ವೆನಿಸ್‌ನ ಸಿಂಹದ ಲಾಂಛನ, ಆಚೆ ಚಕ್ರವರ್ತಿಯ ಹದ್ದಿನದು. ಎಲ್ಲ ಕಡೆ ಹಿಮ. ಹದ್ದಿನ ಕಡೆಯ ಸುಂಕದವನು ಗಾಡಿ ನಿಲ್ಲಿಸಿ, ಏನು ಕೆಲಸ ಅಂತ ಕೇಳಿದ. "ಸಂಗೀತ ಬರೆಯುವವನು," ಅಂದ ಮೊಮೊಲೊ. ಸುಂಕದವನು ನನ್ನ ಕಡೆ ತಿರುಗಿದ. "ಹಾಡುವವಳು," ಅಂದೆ. ಯಾರೂ ಬೇಡ ಅನ್ನಲಿಲ್ಲ.

ಪೆಟ್ಟಿಗೆಗಳನ್ನು ಬಿಚ್ಚಿ ನೋಡುವಷ್ಟು ಹೊತ್ತು ಗಾಡಿಯಿಂದಿಳಿದು ಅಡ್ಡಾಡಿದೆ. ಚಳಿಗೆ ಕಾಲು ಕುಣಿಸುತ್ತ ಏನೋ ಗುನುಗಿದೆ, ಗುನುಗಿದ್ದು ದೊಡ್ಡದಾಯಿತು. ಕೆಳಗೆ ಹೊಳೆ, ಮೇಲೆ ಬೆಟ್ಟ, ಎಷ್ಟು ಎತ್ತರಿಸಿದರೂ ತಾಗಲು ಚಾವಣಿ ಇಲ್ಲ. ಸುಂಕದವನು ನಮ್ಮ ಒಳಉಡುಪುಗಳನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟ.

ಮೊಮೊಲೊ ಗಾಡಿಯಿಂದ ತಲೆ ಹೊರಹಾಕಿದ. "ಅದು ಯಾರದ್ದು?"

"ಗೊತ್ತಿಲ್ಲ. ಈಗ ಬಂತು."

ಶಾಯಿ ಹೆಪ್ಪುಗಟ್ಟಿತ್ತು. ಅವನು ಪೆನ್ಸಿಲ್ ಹುಡುಕಿ ತೆಗೆದ, ಮೊಣಕಾಲ ಮೇಲೆ ಹಾಳೆ ಹಾಸಿಕೊಂಡು ಗೆರೆ ಎಳೆದ. ಪಾಪ, ಬೆರಳು ನೀಲಿಗಟ್ಟಿದ್ದವು.

"ನಿಧಾನವಾಗಿ ಹಾಡು," ಅಂದ. "ಮೊದಲಿಂದ."

ನಿಧಾನವಾಗಿ ಹಾಡಿದೆ. ಅವನು ಬರೆದುಕೊಂಡ.